ಮೆಣಸಿನಕಾಯಿ ವ್ಯಾಪಾರಿಯ ಜಾಲತಾಣದಲ್ಲಿ ಕೆಂಪನ್ನು ಏಕೆ ಕಡಿಮೆ ಮಾಡಿದೆ

ಬ್ಯಾಡಗಿಯ ಮೆಣಸಿನಕಾಯಿ ವರ್ತಕರೊಬ್ಬರ ಜಾಲತಾಣವನ್ನು ಹೊಸದಾಗಿ ಮಾಡಿಕೊಡುವ ಕೆಲಸ ಹುಬ್ಬಳ್ಳಿಯ ನನ್ನ ಕಚೇರಿಗೆ ಬಂದಿತ್ತು. ಹಳೆಯ ಪುಟ ಪೂರ್ತಿ ಕೆಂಪು. ಹಿನ್ನೆಲೆ ಕೆಂಪು, ಗುಂಡಿಗಳು ಕೆಂಪು, ಅವುಗಳ ಮೇಲೆ ಓಡುವ ಹಳದಿ ಅಕ್ಷರಗಳು. ನಾನು ಬಿಳಿ ಹಿನ್ನೆಲೆ, ತೆಳು ಬೂದು ಅಕ್ಷರಗಳ ಮಾದರಿಯೊಂದನ್ನು ಲ್ಯಾಪ್‌ಟಾಪಿನಲ್ಲಿ ಒಯ್ದು ತೋರಿಸಿದೆ. "ಈಗಿನ ಶೈಲಿ ಇದು, ಕಣ್ಣಿಗೆ ಹಿತವಾಗಿದೆ" ಎಂದೆ. ಸಾಹುಕಾರರು ಸ್ವಲ್ಪ ಹೊತ್ತು ನೋಡಿ, "ತಮ್ಮಾ, ಇದು ಆಸ್ಪತ್ರೆಯದೋ ನಮ್ಮ ಅಂಗಡಿಯದೋ?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. 'ಹಿತ' ಎಂಬುದು ನನ್ನ ರುಚಿ. ಅವರಿಗೆ ಅವರದೇ ರುಚಿ ಇದೆ. ರುಚಿಗೆ ರುಚಿ ಎದುರಾದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಅಷ್ಟರಲ್ಲಿ ರೈತರೊಬ್ಬರು ಕಾಯಿಯ ಮಾದರಿ ಹಿಡಿದು ಬಂದರು. ಸಾಹುಕಾರರು ಒಂದು ಹಿಡಿ ಕಾಯಿ ತೆಗೆದುಕೊಂಡು ಗಾದಿಯಿಂದ ಎದ್ದು ಬಾಗಿಲಿಗೆ ಹೋದರು. ಅಂಗೈಯಲ್ಲಿ ಹರವಿ, ಬಿಸಿಲಿಗೆ ಒಡ್ಡಿ, ಬೆರಳಿನಿಂದ ಒಂದೊಂದನ್ನೇ ಹೊರಳಿಸಿದರು. ಬಿಳಿಚಿದ ಎರಡನ್ನು ಪಕ್ಕಕ್ಕಿಟ್ಟರು. "ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಕಾಯಿಯೂ ಚೆನ್ನಾಗಿಯೇ ಕಾಣುತ್ತದೆ" ಎಂದರು.

ನಾನು ನನ್ನ ಮೊಬೈಲನ್ನು ಅದೇ ಬಾಗಿಲಿಗೆ ಒಯ್ದೆ. ಮಧ್ಯಾಹ್ನದ ಬಿಸಿಲಿಗೆ ನನ್ನ ತೆಳು ಬೂದು ಅಕ್ಷರಗಳು ಮಾಯವಾದವು. ಮಾರುಕಟ್ಟೆಯ ಅಂಗಳದಲ್ಲಿ ನಿಂತು ದರ ನೋಡುವ ರೈತರಿಗೆ ಅದರಿಂದ ಏನೂ ಪ್ರಯೋಜನವಿರಲಿಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರಕ್ಕೆ ಜಾಲತಾಣಗಳ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಒಂದು ಅಳತೆಯಿದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5ಕ್ಕೆ 1 ಇರಬೇಕು. ನನ್ನ ಬೂದು ಬಣ್ಣ 2.8ರಲ್ಲಿತ್ತು. ಆ ಅಳತೆ ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಶೈಲಿಗೆ ಸೋತಿದ್ದೆ. ಅಂದಿನಿಂದ ಯಾವ ಮಾದರಿಯನ್ನೂ ಮೊದಲು ಬಿಸಿಲಿನಲ್ಲಿ ಹಿಡಿದು ನೋಡುತ್ತೇನೆ.

ಕೆಂಪಿನ ಮಾತು ಇನ್ನೂ ಉಳಿದಿತ್ತು. "ಕೆಂಪೇ ನಮ್ಮ ಸರಕು, ಅದನ್ನೇ ತೆಗೆದರೆ ಹೇಗೆ?" ಎಂಬ ಅವರ ಪ್ರಶ್ನೆ ನ್ಯಾಯವಾದದ್ದು. ಬ್ಯಾಡಗಿ ಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆ, ಅಂದರೆ ಆ ಸೀಮೆಯದೇ ವಿಶೇಷ ಎಂಬ ಅಧಿಕೃತ ಮಾನ್ಯತೆ, ಸಿಕ್ಕಿದೆ. ಖಾರ ಕಡಿಮೆ, ಬಣ್ಣ ಗಾಢ ಎಂಬುದೇ ಅದರ ಹೆಸರು. ಬಾಯಿಮಾತಿನಲ್ಲಿ ವಿವರಿಸುವ ಬದಲು ಅಂಗಡಿಯಲ್ಲಿದ್ದ ಕೆಂಪು ಪ್ಲಾಸ್ಟಿಕ್ ಬುಟ್ಟಿಯೊಂದರಲ್ಲಿ 'ಡಬ್ಬಿ' ಎಂಬ ಬ್ಯಾಡಗಿ ತಳಿಯ ಒಂದು ಹಿಡಿ ಕಾಯಿ ಹಾಕಿದೆ, ಇನ್ನೊಂದು ಹಿಡಿಯನ್ನು ಗೋಣಿಚೀಲದ ಮೇಲೆ ಹರವಿದೆ. ಬುಟ್ಟಿಯೊಳಗಿನ ಕಾಯಿ ಕಂದು ಬಣ್ಣಕ್ಕೆ ತಿರುಗಿದಂತೆ ಕಂಡಿತು, ಚೀಲದ ಮೇಲಿನದು ಹೊಳೆಯಿತು. ಎರಡೂ ಒಂದೇ ರಾಶಿಯ ಕಾಯಿ. ಸಾಹುಕಾರರ ಮಗ ಮೊದಲು ನಕ್ಕ. ಸಾಹುಕಾರರು ಬುಟ್ಟಿಯನ್ನು ಖಾಲಿ ಮಾಡಿ, ಕಾಯಿಯನ್ನು ಚೀಲದ ಮೇಲೆಯೇ ಸುರಿದರು.

ಹೀಗೆ ಹಿನ್ನೆಲೆ ಗೋಣಿಯ ತೆಳು ಛಾಯೆಗೆ ಬಂತು, ಅಕ್ಷರಗಳು ಬಹುತೇಕ ಕಪ್ಪಾದವು. ಕೆಂಪು ಉಳಿದದ್ದು ಚಿತ್ರಗಳಲ್ಲಿ ಮತ್ತು 'ದರ ಕೇಳಿ' ಎಂಬ ಒಂದೇ ಗುಂಡಿಯಲ್ಲಿ. ಗುಂಡಿಗೂ ಅಪ್ಪಟ ಕೆಂಪಲ್ಲ, ಒಣಗಿದ ಕಾಯಿಯ ಗಾಢ ಕೆಂಪು. ಅಪ್ಪಟ ಕೆಂಪಿಗೂ ಅದರ ಮೇಲಿನ ಬಿಳಿ ಅಕ್ಷರಕ್ಕೂ ಇರುವ ಅಂತರ ಸುಮಾರು 4 ಮಾತ್ರ, ಗಾಢ ಕೆಂಪಿನಲ್ಲಿ ಅದು 10ರ ಹತ್ತಿರ ಹೋಗುತ್ತದೆ. ದಾಸ್ತಾನು ಇದೆ, ಇಲ್ಲ ಎಂಬುದನ್ನು ಮೊದಲು ಹಸಿರು ಮತ್ತು ಕೆಂಪು ಚುಕ್ಕೆಗಳಲ್ಲಿ ತೋರಿಸುತ್ತಿದ್ದರು. ಆ ಎರಡು ಬಣ್ಣಗಳ ಭೇದ ಕಾಣದವರೂ ಇದ್ದಾರೆ. ಅದಕ್ಕೆ 'ಲಭ್ಯವಿದೆ', 'ಮುಗಿದಿದೆ' ಎಂದು ಬರೆದೇಬಿಟ್ಟೆ.

ಚಿತ್ರಗಳನ್ನು ಬೆಳಗಿನ ನೆರಳಿನಲ್ಲಿ ತೆಗೆದೆವು. ಚೌಕಟ್ಟಿನ ತುಂಬ ಕೆಂಪೇ ಇದ್ದರೆ ಕ್ಯಾಮೆರಾ ಬಣ್ಣದ ಲೆಕ್ಕ ತಪ್ಪುತ್ತದೆ. ಪಕ್ಕದಲ್ಲಿ ಬಿಳಿ ಹಾಳೆಯಿಟ್ಟು, ಆ ಬಿಳಿಗೆ ಸರಿಯಾಗಿ ಚಿತ್ರದ ಬಣ್ಣ ತಿದ್ದಿದೆ. ಮಗ ಇನ್ನಷ್ಟು ಕೆಂಪು ಏರಿಸೋಣ ಎಂದಾಗ ತಡೆದವರು ಸಾಹುಕಾರರೇ. ಚೀಲ ಬಿಚ್ಚಿದಾಗ ಆ ಕೆಂಪು ಇಲ್ಲದಿದ್ದರೆ ಮಾಲು ವಾಪಸ್ ಬರುತ್ತದೆ ಎಂದರು.

ಕನ್ನಡ ಅಕ್ಷರಗಳ ಕೆಲಸಕ್ಕೆ ನಾನು ಕೊಟ್ಟಷ್ಟು ಸಮಯ ಬೇರೆ ಯಾವುದಕ್ಕೂ ಕೊಡಲಿಲ್ಲ. ಹಳೆಯ ಪುಟದ ಕನ್ನಡವೆಲ್ಲ ಚಿತ್ರಗಳಾಗಿತ್ತು. ಹುಡುಕಿದರೆ ಸಿಗುತ್ತಿರಲಿಲ್ಲ, ಹಿಗ್ಗಿಸಿದರೆ ಮಸುಕಾಗುತ್ತಿತ್ತು. ಎಲ್ಲವನ್ನೂ ಯೂನಿಕೋಡ್‌ನಲ್ಲಿ ಮತ್ತೆ ಟೈಪ್ ಮಾಡಿ, ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಹಾಕಿದೆ. ಸಾಲುಗಳ ಅಂತರ ಮಾತ್ರ ಇಂಗ್ಲಿಷ್ ಪುಟದ್ದೇ ಉಳಿದಿತ್ತು. 'ಡಬ್ಬಿ' ಎಂಬುದರ ಬ ಒತ್ತು ಕೆಳಗಿನ ಸಾಲಿನಲ್ಲಿದ್ದ ಇನ್ನೊಂದು ತಳಿ 'ಕಡ್ಡಿ'ಯ ಗುಡಿಸಿಗೆ ಬಡಿಯುತ್ತಿತ್ತು. ನಮ್ಮ ಅಕ್ಷರ ಕೆಳಗೂ ಇಳಿಯುತ್ತದೆ, ಮೇಲೂ ಏರುತ್ತದೆ, ಅದಕ್ಕೆ ಜಾಗ ಬೇಕು. ಅಂತರವನ್ನು ಅಕ್ಷರದ ಗಾತ್ರದ 1.7 ಪಟ್ಟಿಗೆ ಏರಿಸಿದೆ. ಪುಟ ಉದ್ದವಾಯಿತು ಎಂದು ಮಗ ತಕರಾರು ತೆಗೆದ. ಎರಡನ್ನೂ ಅಕ್ಕಪಕ್ಕ ಇಟ್ಟು ಸಾಹುಕಾರರ ತಾಯಿಯವರಿಗೆ ಓದಲು ಕೊಟ್ಟೆವು. ಮೊದಲನೆಯದಕ್ಕೆ ಕನ್ನಡಕ ತರಿಸಿಕೊಂಡರು, ಎರಡನೆಯದನ್ನು ಹಾಗೆಯೇ ಓದಿದರು. ಶೀರ್ಷಿಕೆಗಳನ್ನು ದಪ್ಪಗೊಳಿಸದೆ ದೊಡ್ಡದಾಗಿಸಿದ್ದೂ ಇದೇ ಲೆಕ್ಕದಿಂದ. ಸಣ್ಣ ಗಾತ್ರದಲ್ಲಿ ದಪ್ಪ ಮಾಡಿದರೆ ಕನ್ನಡ ಅಕ್ಷರದ ಸುಳಿಗಳು ಮುಚ್ಚಿಹೋಗುತ್ತವೆ.

ಒಂದು ವಿಷಯದಲ್ಲಿ ಮಾತ್ರ ನಾನು ಸಾಹುಕಾರರ ಮಾತಿಗೆ ಒಪ್ಪಿದೆ. ಅಂಗಡಿ ಕಟ್ಟಿದ ಅವರ ತಂದೆಯವರ ಫೋಟೋ ಪುಟದ ಮೇಲ್ಭಾಗದಲ್ಲೇ ಬೇಕು ಎಂದರು. ಮೊಬೈಲಿನಲ್ಲಿ ಮೊದಲು ಕಾಣುವುದು ಅಂಗೈಯಷ್ಟು ಜಾಗ, ಅಲ್ಲಿ ದರ ಮತ್ತು ಫೋನ್ ಸಂಖ್ಯೆ ಇರಬೇಕು ಎಂದು ನಾನು ವಾದಿಸಿದೆ. "ಊರೂರಿನ ರೈತರಿಗೆ ನಮ್ಮ ಅಂಗಡಿಯ ಹೆಸರು ನೆನಪಿರುವುದಿಲ್ಲ, ಅಪ್ಪನ ಮುಖ ನೆನಪಿರುತ್ತದೆ" ಎಂದರು. ಅದು ರುಚಿಯ ಮಾತಾಗಿರಲಿಲ್ಲ. ಹೆಸರಿನ ಪಕ್ಕದಲ್ಲಿ ಫೋಟೋವನ್ನು ಚಿಕ್ಕದಾಗಿ ಇಟ್ಟೆ. ಮೊದಲು ದುಂಡಗೆ ಕತ್ತರಿಸಿದ್ದೆ. ಅದರಲ್ಲಿ ರುಮಾಲಿನ ತುದಿ ಹೋಗುತ್ತಿತ್ತು, ಆದ್ದರಿಂದ ಚೌಕವಾಗಿಸಿದೆ.