ಪಿಚ್ ಅಂದರೆ ಯಾವುದು, ಅಳೆಯುವುದು ಹೇಗೆ?

ಬೋಲ್ಟಿನ ಥ್ರೆಡ್, ಚೈನ್, ಐಸಿ ಚಿಪ್‌ನ ಕಾಲು, ಎಲ್‌ಇಡಿ ಪರದೆ: ಒಂದೇ ರೂಪ ಸಾಲಾಗಿ ಮರುಕಳಿಸುವ ಕಡೆ ಪಿಚ್ ಎಂದರೆ ಒಂದರ ನಡುವಿನಿಂದ ಮುಂದಿನದರ ನಡುವಿಗಿರುವ ದೂರ. ಮಧ್ಯದ ಖಾಲಿ ಜಾಗವನ್ನಷ್ಟೇ ಅಳೆದರೆ ತಪ್ಪು. ಪಿ2.5 ಎಂಬ ಪರದೆಯಲ್ಲಿ ಪಿಕ್ಸೆಲ್ ನಡುವಿನಿಂದ ನಡುವಿಗೆ 2.5 ಮಿ.ಮೀ.; 320 ಮಿ.ಮೀ. ಅಗಲದ ಫಲಕದಲ್ಲಿ 128 ಪಿಕ್ಸೆಲ್ ಕೂರುತ್ತವೆ.

ಹೆಚ್ಚು ಎಡವುವುದು ಬೋಲ್ಟಿನಲ್ಲಿ. ಒಂದೇ ಥ್ರೆಡ್ ಅಳೆಯಲು ಹೋಗಬೇಡಿ, ಕಣ್ಣಿನ ಅಂದಾಜು ಕೈಕೊಡುತ್ತದೆ. ಮೊದಲ ಏಣನ್ನು ಸೊನ್ನೆ ಎಂದು ಎಣಿಸಿ, ಹತ್ತನೆಯದರವರೆಗಿನ ದೂರವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ತೆಗೆದುಕೊಂಡು ಹತ್ತರಿಂದ ಭಾಗಿಸಿ. ಮೊದಲನೆಯದನ್ನೇ ಒಂದು ಎಂದು ಎಣಿಸಿದರೆ ಅಳತೆಗೆ ಸಿಗುವುದು ಒಂಬತ್ತೇ ಅಂತರ. ಸಾಮಾನ್ಯ ಎಂ8 (8 ಮಿ.ಮೀ. ವ್ಯಾಸದ) ಬೋಲ್ಟಿಗೆ 12.5 ಮಿ.ಮೀ. ಬರುತ್ತದೆ, ಅಂದರೆ ಪಿಚ್ 1.25, ಫೈನ್ (ಒತ್ತಾದ) ಥ್ರೆಡ್ ಆದರೆ 1.0 ಸಹ ಇರಬಹುದು. ಇಂಚಿನ ಬೋಲ್ಟಿಗೆ ಇಂಚಿಗೆಷ್ಟು ಥ್ರೆಡ್ ಎಂದು ಹೇಳುವ ರೂಢಿ, 25.4ನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಪಿಚ್ ಮಿ.ಮೀ.ನಲ್ಲಿ ಸಿಗುತ್ತದೆ. ನಟ್ ಎರಡು ಸುತ್ತು ಹೋಗಿ ಬಿಗಿದುಕೊಂಡರೆ ಸ್ಪ್ಯಾನರ್ ಹಾಕಿ ಒತ್ತಾಯಿಸಬೇಡಿ. ಪಿಚ್ ಹೊಂದದಿದ್ದರೆ ಥ್ರೆಡ್ ಕಿತ್ತುಹೋಗುತ್ತದೆ.

ತ್ರೀಡಿ ಪ್ರಿಂಟರಿನ ಟಿ8 ಲೀಡ್‌ಸ್ಕ್ರೂನಲ್ಲಿ (ತಿರುಗಿ ನಟ್ಟನ್ನು ಸಾಗಿಸುವ ಉದ್ದ ತಿರುಪಿನಲ್ಲಿ) ಇನ್ನೂ ಒಂದು ತೊಡಕಿದೆ. ಸಾಮಾನ್ಯವಾಗಿ ಅದರಲ್ಲಿ ನಾಲ್ಕು ಥ್ರೆಡ್‌ಗಳು ಜೊತೆಯಾಗಿ ಸುತ್ತಿರುತ್ತವೆ. ಪಿಚ್ 2 ಮಿ.ಮೀ. ಇದ್ದರೂ ಒಂದು ಸುತ್ತಿಗೆ ನಟ್ ಸಾಗುವುದು 8 ಮಿ.ಮೀ. ಯಂತ್ರದ ಲೆಕ್ಕಕ್ಕೆ ಈ 8ರ ಬದಲು ಪಿಚ್ ಹಾಕಿದರೆ ಯಂತ್ರ ನಾಲ್ಕು ಪಟ್ಟು ಹೆಚ್ಚು ಚಲಿಸುತ್ತದೆ.

ಸೈಕಲ್ ಚೈನಿನ ಪಿಚ್ 12.7 ಮಿ.ಮೀ. ಹೊಸ ಚೈನಿನಲ್ಲಿ 24 ಪಿಚ್‌ಗೆ 304.8 ಮಿ.ಮೀ.; ಅದು 306.3 ದಾಟಿದ್ದರೆ ಬದಲಿಸುವುದು ಒಳ್ಳೆಯದು, ಇಲ್ಲದಿದ್ದರೆ ಹಲ್ಲುಚಕ್ರಗಳೂ ಸವೆಯುತ್ತವೆ.

ಛಾವಣಿಯಲ್ಲಿ ಪಿಚ್ ಇಳಿಜಾರು. 4:12 ಎಂದರೆ ಅಡ್ಡಕ್ಕೆ 12 ಅಳತೆ ಸಾಗಿದಾಗ 4 ಏರಿಕೆ, ಸುಮಾರು 18.4 ಡಿಗ್ರಿ. ವಿಮಾನದಲ್ಲಿ ಮೂತಿ ಮೇಲೆ-ಕೆಳಗೆ ವಾಲುವ ಕೋನ. ಅದರ ಪ್ರೊಪೆಲರಿಗೆ ಬಂದರೆ ಮತ್ತೆ ದೂರವೇ: 10×6 ಎಂದು ಬರೆದಿದ್ದರೆ ವ್ಯಾಸ 10 ಇಂಚು, ಜಾರದೆ ತಿರುಗಿದರೆ ಸುತ್ತಿಗೆ 6 ಇಂಚು ಮುಂದಕ್ಕೆ.

ಕ್ರಿಕೆಟ್ ಪಿಚ್ ನೆಲದ ಪಟ್ಟಿ, ಉದ್ದ 20.12 ಮೀಟರ್, ಅಗಲ 3.05. ಉದ್ದ ಹಿಡಿಯಬೇಕಾದದ್ದು ಸ್ಟಂಪಿನ ಸಾಲಿನಿಂದ ಸ್ಟಂಪಿನ ಸಾಲಿಗೆ. ಅದೇ 20.12 ಮೀಟರನ್ನು ಸ್ಟಂಪಿನ ಮುಂದೆ ಎಳೆಯುವ ಪಾಪಿಂಗ್ ಕ್ರೀಸ್ ಗೆರೆಗಳ ನಡುವೆ ಹಿಡಿದರೆ ಪಿಚ್ 2.44 ಮೀಟರಿನಷ್ಟು ಹೆಚ್ಚು ಉದ್ದವಾಗಿಬಿಡುತ್ತದೆ.

ಸಂಗೀತದಲ್ಲಿ ಮಾತ್ರ ಪಿಚ್ ಕಿವಿಗೆ ಸೇರಿದ್ದು, ಸ್ವರದ ಎತ್ತರ. ವಾದ್ಯ ಶ್ರುತಿ ಮಾಡುವ ಮೊದಲು ಟ್ಯೂನರಿನಲ್ಲಿ ಆಧಾರ 440 ಹರ್ಟ್ಸ್ ಇದೆಯೇ ನೋಡಿ. 442ಕ್ಕೆ ಇಟ್ಟಿದ್ದರೆ ಎಲ್ಲ ತಂತಿಗಳೂ ಸುಮಾರು 8 ಸೆಂಟ್ (ಸೆಂಟ್ ಎಂದರೆ ಅರ್ಧಸ್ವರದ ನೂರನೇ ಒಂದು ಭಾಗ) ಮೇಲೇರುತ್ತವೆ. ಒಬ್ಬರೇ ನುಡಿಸುವಾಗ ಗೊತ್ತಾಗದಿದ್ದರೂ 440ರ ವಾದ್ಯ ಜೊತೆಯಾದಾಗ ಅಪಶ್ರುತಿ ಕೇಳಿಸುತ್ತದೆ.