ಎಟಿವಿ ಅಪಘಾತದಲ್ಲಿ ಮನೆಯವರು ತೀರಿಕೊಂಡರೆ: ಹೊಸಬರಿಗೆ ಮಾರ್ಗದರ್ಶಿ

ಅಮೆರಿಕಕ್ಕೆ ಬಂದ ಮೊದಲ ಬೇಸಿಗೆಯಲ್ಲೇ ನಮ್ಮ ಎಷ್ಟೋ ಕುಟುಂಬಗಳು ಮರಳುದಿಬ್ಬಕ್ಕೋ ಕಾಡಿನ ಟ್ರೈಲ್‌ಗೋ ಹೋಗಿ ಎಟಿವಿ (ಹ್ಯಾಂಡಲ್ ಹಿಡಿದು ಓಡಿಸುವ ನಾಲ್ಕು ಚಕ್ರದ ಗಾಡಿ), ಸೈಡ್-ಬೈ-ಸೈಡ್ (ಪಕ್ಕಪಕ್ಕ ಕೂತು ಸ್ಟೀರಿಂಗಿನಲ್ಲಿ ಓಡಿಸುವ ಗಾಡಿ) ಬಾಡಿಗೆಗೆ ಹಿಡಿಯುತ್ತವೆ. ಸಾವಾದರೆ ‘ಹಣೆಬರಹ’ ಎಂದು ಸುಮ್ಮನಾಗುವುದು ನಮ್ಮವರ ರೂಢಿ. ಗಾಡಿಯಲ್ಲೇ ದೋಷವಿದ್ದರೆ ತಯಾರಿಸಿದ ಕಂಪನಿಯ ಮೇಲೆ ಕೇಸು ಹಾಕುವ ಹಕ್ಕು ಇಲ್ಲಿ ನಿಮಗಿದೆ. ಆ ಹಕ್ಕು ಕೈತಪ್ಪುವುದು ಹೆಚ್ಚಾಗಿ ಮೊದಲ ಎರಡು ವಾರದಲ್ಲೇ.

ಹತ್ತುವ ಮೊದಲು

ಸ್ಕೂಟರಿನ ಮುಂದೆ ಮಗುವನ್ನು ನಿಲ್ಲಿಸಿಕೊಂಡು, ಹಿಂದೆ ಇಬ್ಬರನ್ನು ಕೂರಿಸಿಕೊಂಡು ಓಡಿಸಿದ ಅಭ್ಯಾಸವನ್ನು ಇಲ್ಲಿಗೆ ತರಬೇಡಿ. ಒಂದು ಸೀಟಿನ ಎಟಿವಿಯಲ್ಲಿ ಒಬ್ಬರೇ ಕೂರಬೇಕು. ತಿರುವಿನಲ್ಲಿ ಸವಾರ ಮೈ ವಾಲಿಸಿ ತೂಕ ಹೊಂದಿಸಬೇಕು, ಹಿಂದೆ ಇನ್ನೊಬ್ಬರು ಕೂತರೆ ಅದು ಆಗದು. 16 ವರ್ಷದೊಳಗಿನವರಿಗೆ ದೊಡ್ಡವರ ಎಟಿವಿ ಕೊಡಬೇಡಿ. ಡಾಂಬರು ರಸ್ತೆಗೆ ಇಳಿಸಬೇಡಿ. ಸೈಡ್-ಬೈ-ಸೈಡ್‌ನಲ್ಲಿ ಸೀಟ್ ಬೆಲ್ಟ್, ಹೆಲ್ಮೆಟ್ ಹಾಕಿ, ಬಾಗಿಲಿನ ನೆಟ್ ಬಿಗಿ ಮಾಡಿ, ಉರುಳುವಾಗ ಕೈ ಹೊರಗೆ ಚಾಚಬೇಡಿ. ಕೋರ್ಟಿನಲ್ಲಿ ಕಂಪನಿಯ ಲಾಯರ್ ಇವನ್ನೆಲ್ಲ ಒಂದೊಂದಾಗಿ ಕೇಳುತ್ತಾರೆ.

ಗಾಡಿಯನ್ನು ಕೈಬಿಡಬೇಡಿ

ಜೀವ ತೆಗೆದ ಗಾಡಿ ಕಣ್ಣೆದುರು ಬೇಡ ಎಂದು ಅದನ್ನು ಮೊದಲು ಸಾಗಹಾಕುವವರು ನಮ್ಮವರೇ. ದಯವಿಟ್ಟು ಹಾಗೆ ಮಾಡಬೇಡಿ. ದೋಷವಿತ್ತೆಂದು ತೋರಿಸಬೇಕಾದವರು ನೀವು. ಗಾಡಿಯೇ ಇಲ್ಲದಿದ್ದರೆ ನಿಮ್ಮ ಕಡೆಯ ಎಂಜಿನಿಯರ್ ಏನನ್ನು ಪರೀಕ್ಷಿಸಬೇಕು? ಇನ್ಶೂರೆನ್ಸಿನವರು ‘ಟೋಟಲ್ ಲಾಸ್’ (ರಿಪೇರಿಗೆ ಬಾರದ್ದು) ಎಂದು ಚೆಕ್ ಮುಂದಿಟ್ಟು ಟೈಟಲ್ (ಒಡೆತನದ ಪತ್ರ) ಮೇಲೆ ಸಹಿ ಕೇಳುತ್ತಾರೆ. ಸಹಿ ಹಾಕಿದಿರೋ, ಗಾಡಿ ಹರಾಜಿಗೆ ಹೋಗಿ ಬಿಡಿಭಾಗಗಳಾಗುತ್ತದೆ. ರಿಪೇರಿಗೆಂದು ಡೀಲರ್ ಹತ್ತಿರವೂ ಕಳಿಸಬೇಡಿ, ನಾಳೆ ಅವರೂ ಪ್ರತಿವಾದಿ ಆಗಬಹುದು.

ಬೀಗ ಹಾಕುವ ಶೆಡ್ಡಿನಲ್ಲಿ ಟಾರ್ಪಾಲಿನ್ ಹೊದಿಸಿ ಇಡಿ. ತೊಳೆಯಬೇಡಿ, ಅಂಟಿದ ಮಣ್ಣು ಯಾವ ಮಗ್ಗುಲಿಗೆ ಉರುಳಿತೆಂದು ಹೇಳುತ್ತದೆ. ಟೈರಿಗೆ ಗಾಳಿ ಹಾಕಬೇಡಿ. ಕೀ ತಿರುಗಿಸಬೇಡಿ, ಬ್ಯಾಟರಿ ಚಾರ್ಜ್ ಮಾಡಬೇಡಿ. ಕೆಲವು ಮಾದರಿಗಳ ಕಂಪ್ಯೂಟರಿನಲ್ಲಿ ವೇಗ, ಥ್ರಾಟಲ್, ಬೆಲ್ಟಿನ ಮಾಹಿತಿ ಉಳಿದಿರುತ್ತದೆ, ಮತ್ತೆ ಆನ್ ಮಾಡಿದರೆ ಅಳಿಸಿಹೋಗಬಹುದು. ಬೆಲ್ಟ್ ಕತ್ತರಿಸಿದ್ದರೆ ಎರಡೂ ತುಂಡು ಬೇಕು.

ಬಾಡಿಗೆ ಗಾಡಿಯಾದರೆ ಇನ್ನೂ ಅವಸರ. ಬಗ್ಗಿದ ಪೈಪ್ ಬದಲಿಸಿ ಮುಂದಿನ ವಾರವೇ ಇನ್ನೊಬ್ಬರಿಗೆ ಕೊಟ್ಟುಬಿಡುತ್ತಾರೆ. ಬಾಡಿಗೆಯವರಿಗೆ, ಇನ್ಶೂರೆನ್ಸಿಗೆ, ತಯಾರಕರಿಗೆ ‘ಇದ್ದ ಸ್ಥಿತಿಯಲ್ಲೇ ಇಡಿ’ ಎಂಬ ಪತ್ರ ಲಾಯರ್ ಮೂಲಕ ಕೂಡಲೇ ಹೋಗಬೇಕು. ಒಪ್ಪದಿದ್ದರೆ ಕೋರ್ಟಿನಿಂದ ಆದೇಶ ತರಬಹುದು. ಬಾಡಿಗೆಗೆ ಮೊದಲು ಸಹಿ ಹಾಕಿದ ವೇವರ್ (ಕೇಸು ಹಾಕುವುದಿಲ್ಲ ಎಂಬ ಒಪ್ಪಿಗೆ ಪತ್ರ) ನೋಡಿ ಎದೆಗುಂದಬೇಡಿ, ಸಾಮಾನ್ಯವಾಗಿ ಅದು ತಯಾರಕರನ್ನು ಕಾಯುವುದಿಲ್ಲ.

ಮರಣೋತ್ತರ ಪರೀಕ್ಷೆ

ದೇಹ ಕೊಯ್ಯುವುದು ಬೇಡ ಎಂದು ಕೊರೋನರ್ (ಸಾವಿನ ಕಾರಣ ತನಿಖೆ ಮಾಡುವ ಅಧಿಕಾರಿ) ಹತ್ತಿರ ಕೈಮುಗಿಯುತ್ತೇವೆ. ಆ ಸಂಕಟ ಗೊತ್ತಿದ್ದೇ ಹೇಳುತ್ತಿದ್ದೇವೆ: ಬೇಡ ಎನ್ನಬೇಡಿ. ಬೆಲ್ಟ್ ಹಾಕಿದ್ದರೆ ಎದೆ, ಸೊಂಟದ ಮೇಲೆ ಪಟ್ಟೆಯ ಗುರುತು ಬೀಳುತ್ತದೆ. ‘ಬೆಲ್ಟೇ ಹಾಕಿರಲಿಲ್ಲ, ಕುಡಿದಿದ್ದರು’ ಎಂಬ ವಾದಕ್ಕೆ ಉತ್ತರ ಆ ವರದಿಯಲ್ಲೂ ರಕ್ತ ಪರೀಕ್ಷೆಯಲ್ಲೂ ಇರುತ್ತದೆ. ದಹನವಾದ ಮೇಲೆ ಏನೂ ಸಿಗದು.

ವಾಟ್ಸ್ಯಾಪ್

ಗುಂಪಿನಲ್ಲಿ ‘ಸ್ಪೀಡಾಗಿ ಹೋಗ್ತಿದ್ನಂತೆ’ ಎಂದು ಒಬ್ಬರು ಹಾಕಿದರೆ ಸಾಕು, ಆ ಸಂದೇಶ ಮುಂದೆ ಕಂಪನಿಯ ಕೈ ಸೇರಬಹುದು. ಕಣ್ಣಾರೆ ಕಂಡವರು ಶೆರಿಫ್‌ಗೆ ಕಂಡದ್ದನ್ನಷ್ಟೇ ಹೇಳಿ. ಇನ್ಶೂರೆನ್ಸಿನವರು ಹೇಳಿಕೆ ರೆಕಾರ್ಡ್ ಮಾಡಲು ಕೇಳಿದರೆ ಲಾಯರ್ ಸಿಗುವವರೆಗೆ ಒಪ್ಪಬೇಡಿ. ಹಣ ಸಂಗ್ರಹದ ಮನವಿಯಲ್ಲಿ ಅಪಘಾತ ಹೇಗಾಯಿತೆಂದು ಬರೆಯಬೇಡಿ. ಹಾಕಿದ್ದನ್ನು ಅಳಿಸಲೂ ಹೋಗಬೇಡಿ, ಅದು ಸಾಕ್ಷ್ಯನಾಶವಾಗುತ್ತದೆ.

ಕೇಸು ಯಾವುದರ ಮೇಲೆ ನಿಲ್ಲುತ್ತದೆ

ದೋಷ ಮೂರು ಬಗೆ: ವಿನ್ಯಾಸದ್ದು, ತಯಾರಿಕೆಯದು, ಎಚ್ಚರಿಕೆ ಕೊಡದೆ ಇದ್ದದ್ದು. ಉರುಳುವ ಕೇಸುಗಳಲ್ಲಿ ಚಕ್ರಗಳ ನಡುವಿನ ಅಗಲ ಕಡಿಮೆ, ಗುರುತ್ವ ಕೇಂದ್ರ ಎತ್ತರ ಎಂಬುದು ಮುಖ್ಯ ವಾದ. ಇದಕ್ಕಿಂತ ಸುರಕ್ಷಿತವಾಗಿ, ಮಾಡಲು ಸಾಧ್ಯವಾಗುವ ಬೇರೆ ವಿನ್ಯಾಸವಿತ್ತು ಎಂದು ತೋರಿಸಲು ಟೆಕ್ಸಾಸ್‌ನಂಥ ರಾಜ್ಯಗಳು ಕೇಳುತ್ತವೆ. ಯಮಹಾ ರೈನೋ ಎಂಬ ಸೈಡ್-ಬೈ-ಸೈಡ್ ನೋಡಿ: 450, 660 ಮಾದರಿಗಳ ಅಪಘಾತಗಳಲ್ಲಿ 46 ಸಾವುಗಳು ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ತನಿಖೆಗೆ ಬಂದಿದ್ದವು. 2009ರ ಮಾರ್ಚ್‌ನಲ್ಲಿ ಪ್ರಕಟವಾದ ಉಚಿತ ದುರಸ್ತಿಯಲ್ಲಿ ಹಿಂದಿನ ಚಕ್ರಗಳಿಗೆ ಸ್ಪೇಸರ್ ಕೂಡಿಸಿ, ಹಿಂದಿನ ಆ್ಯಂಟಿ-ಸ್ವೇ ಬಾರ್ (ವಾಲಾಟ ತಡೆಯುವ ಸರಳು) ತೆಗೆದರು.

ಬೆಂಕಿಯ ಕೇಸು ಬೇರೆ. ಪೊಲಾರಿಸ್ 2016ರ ಏಪ್ರಿಲ್‌ನಲ್ಲಿ ಸುಮಾರು 1,33,000 ಆರ್‌ಝಡ್‌ಆರ್ ಗಾಡಿಗಳನ್ನು ಬೆಂಕಿಯ ಅಪಾಯಕ್ಕಾಗಿ ಹಿಂದಕ್ಕೆ ಕರೆಯಿತು (ರಿಕಾಲ್). ಗಂಭೀರ ದೋಷ ತಿಳಿದ 24 ಗಂಟೆಯೊಳಗೆ ಆಯೋಗಕ್ಕೆ ತಿಳಿಸಬೇಕೆಂಬುದು ಕಾನೂನು. ಹಾಗೆ ತಿಳಿಸಲಿಲ್ಲ ಎಂಬ ಆರೋಪದ ಮೇಲೆ 2018ರಲ್ಲಿ 2 ಕೋಟಿ 72.5 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿತು. ನಿಮ್ಮ ಗಾಡಿಯ 17 ಅಕ್ಷರಗಳ ವಿನ್ (ಗಾಡಿಯ ಗುರುತಿನ) ನಂಬರ್ ಬರೆದುಕೊಂಡು ರಿಕಾಲ್ ಇದೆಯೇ ನೋಡಿ. ರಿಕಾಲ್ ಇದ್ದರೂ ಆ ದೋಷದಿಂದಲೇ ಸಾವಾಯಿತೆಂದು ತೋರಿಸಬೇಕು.

ಸತ್ತವರ ತಪ್ಪೂ ಇದ್ದರೆ? ಕ್ಯಾಲಿಫೋರ್ನಿಯಾದಲ್ಲಿ ಪರಿಹಾರದಿಂದ ಅಷ್ಟು ಪಾಲು ಕಳೆಯುತ್ತಾರೆ. ಟೆಕ್ಸಾಸ್‌ನಲ್ಲಿ ಅದು 50% ದಾಟಿದರೆ ಏನೂ ಇಲ್ಲ. ನಾರ್ತ್ ಕ್ಯಾರೊಲೈನಾದಲ್ಲಿ ಸ್ವಲ್ಪ ತಪ್ಪಿದ್ದರೂ ನಿಮ್ಮ ಕೇಸು ಸೋತುಹೋಗಬಹುದು.

ಗಡುವು

ಕೇಸು ಹಾಕಲು ಇರುವ ಸಮಯ ಇದು.
ಟೆನೆಸ್ಸಿ: 1 ವರ್ಷ.
ಕ್ಯಾಲಿಫೋರ್ನಿಯಾ, ಟೆಕ್ಸಾಸ್, ನ್ಯೂಯಾರ್ಕ್: ಸಾವಿನ ಕೇಸಿಗೆ 2 ವರ್ಷ.
ಹಳೆಯ ಗಾಡಿಯಾದರೆ, ಅಪಘಾತ ಯಾವಾಗ ಆಗಿದ್ದರೂ ಸಾಮಾನ್ಯವಾಗಿ ಇಷ್ಟರೊಳಗೆ ಕೇಸು ಹಾಕಿರಬೇಕು: ಟೆನೆಸ್ಸಿಯಲ್ಲಿ ಮೊದಲ ಖರೀದಿಯಿಂದ 10 ವರ್ಷ, ಟೆಕ್ಸಾಸ್‌ನಲ್ಲಿ ಮಾರಾಟದಿಂದ 15 ವರ್ಷ.
ಸಾಮಾನ್ಯವಾಗಿ ಅಪಘಾತ ನಡೆದ ರಾಜ್ಯದ ಕಾನೂನು ಅನ್ವಯ, ನೀವಿರುವ ರಾಜ್ಯದ್ದಲ್ಲ.

ವೀಸಾ, ಲಾಯರ್, ಹಣ

ಎಚ್-4 (ಸಂಗಾತಿ, ಮಕ್ಕಳ ವೀಸಾ) ನಿಂತಿರುವುದು ಎಚ್-1ಬಿ (ಕೆಲಸದ ವೀಸಾ) ಮೇಲೆ. ಎಚ್-1ಬಿ ಇದ್ದವರು ತೀರಿಕೊಂಡರೆ ಆ ವಾರವೇ ಇಮಿಗ್ರೇಶನ್ ಲಾಯರ್‌ನ್ನು ಕಾಣಿ. ವೀಸಾ ಯಾವುದಾದರೂ ಕೇಸು ಹಾಕಬಹುದು, ಊರಿಗೆ ಮರಳಿದ ಮೇಲೂ ನಡೆಸಬಹುದು. ಯಾರು ಹಾಕಬೇಕೆಂಬುದು ರಾಜ್ಯಕ್ಕೊಂದು ರೀತಿ: ನ್ಯೂಯಾರ್ಕ್‌ನಲ್ಲಿ ಕೋರ್ಟು ನೇಮಿಸಿದ ಪ್ರತಿನಿಧಿಯ ಹೆಸರಿನಲ್ಲೇ ಆಗಬೇಕು.

ಆಸ್ಪತ್ರೆಗೇ ಬಂದು ಕಾರ್ಡ್ ಕೊಡುವ ಲಾಯರ್ ಬೇಡ. ಫೀಸು ಗೆದ್ದರೆ ಮಾತ್ರ, ಸಾಮಾನ್ಯವಾಗಿ ಮೂರನೇ ಒಂದರಿಂದ 40%ವರೆಗೆ. ಎಂಜಿನಿಯರುಗಳ ಖರ್ಚು ಅದಕ್ಕೂ ಬೇರೆ. ಸೋತರೆ ಆ ಖರ್ಚು ಯಾರ ತಲೆಗೆ, ಫೀಸು ಲೆಕ್ಕ ಹಾಕುವುದು ಖರ್ಚು ಕಳೆಯುವ ಮೊದಲೋ ಆಮೇಲೋ ಎಂಬ ಎರಡು ಪ್ರಶ್ನೆ ಕೇಳಿ, ಉತ್ತರವನ್ನು ಒಪ್ಪಂದದಲ್ಲಿ ಬರೆಸಿಕೊಂಡ ಮೇಲೆ ಸಹಿ ಹಾಕಿ.