ಸುರಂಗದ ನೀರು ಅಳೆದರೆ ಸಾಕಾ?

ರಿಟೈರ್ ಆದ ಮೇಲೂ ಕಾಸರಗೋಡು ಜಿಲ್ಲೆಯ ಪೆರ್ಲ, ಬಾಯಾರು ಕಡೆಯ ಕಾಲೇಜು ಮಕ್ಕಳು ಪ್ರಾಜೆಕ್ಟ್ ಹಿಡಿದುಕೊಂಡು ನನ್ನಲ್ಲಿಗೆ ಬರುತ್ತಾರೆ. ಸುರಂಗದ, ಅಂದರೆ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಿಲದ, ವಿಷಯ ಆದರೆ ಒಂದು ಸಾಲು ಇದ್ದೇ ಇರುತ್ತದೆ: "ಬೋರ್‌ವೆಲ್ ಬಂದ ಮೇಲೆ ಸುರಂಗಗಳು ಬತ್ತಿದವು." ಪಕ್ಕದಲ್ಲಿ ಪೆನ್ಸಿಲಿನಿಂದ "ಹೇಗೆ ಗೊತ್ತು?" ಎಂದು ಬರೆಯುತ್ತೇನೆ. "ಎಲ್ಲರಿಗೂ ಗೊತ್ತುಂಟಲ್ಲ ಟೀಚರ್!" ಇರಬಹುದು ಮಾರಾಯ. ಆದರೆ ಸದ್ಯಕ್ಕೆ ಅದು ನಿನ್ನ ವಾದ, ಅಷ್ಟೆ.

ಮೊದಲು ಡೇಟಾ ಬೇಕು. ಸುರಂಗದ ಬಾಯಲ್ಲಿ, ನೀರು ಹರಿದು ಬೀಳುವ ದಂಬೆಯ (ಅಡಿಕೆ ಮರ ಸೀಳಿ ಮಾಡಿದ ಕಾಲುವೆಯ) ಕೆಳಗೆ 10 ಲೀಟರ್ ಬಕೆಟ್ ಇಡಿ. 40 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 15 ಲೀಟರ್. ಮೂರು ಸಲ ಅಳೆದು ಮೂರನ್ನೂ ಬರೆಯಿರಿ, ಸರಿ ಕಾಣದ್ದನ್ನು ಅಳಿಸಬೇಡಿ. ತಾರೀಕಿಲ್ಲದ ಅಂಕಿಯನ್ನು ನಾನು ಓದುವುದೇ ಇಲ್ಲ. ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಜಾಸ್ತಿಯೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡಕ್ಕೆ ಇಂಗಿದ ಆ ನೀರೇ ಸುರಂಗಕ್ಕೆ ಬರುವುದು. ಅಕ್ಟೋಬರಿನ ಅಳತೆಯ ಪಕ್ಕ ಏಪ್ರಿಲಿನದ್ದು ಇಟ್ಟರೆ ಯಾವ ಸುರಂಗವೂ ಸೊರಗಿದ ಹಾಗೆಯೇ ಕಾಣುತ್ತದೆ, ಅಲ್ವಾ?

"ಈ ದಿನ, ಈ ಸುರಂಗದಲ್ಲಿ ನಿಮಿಷಕ್ಕೆ ಸುಮಾರು 15 ಲೀಟರ್." ಇನ್ನೊಬ್ಬರು ಅಳೆದರೂ ಹೆಚ್ಚುಕಡಿಮೆ ಅಷ್ಟೇ ಬಂದರೆ ಇದನ್ನು ಸತ್ಯಾಂಶ ಎನ್ನಬಹುದು. ಬೋರ್‌ವೆಲ್ ಬಗ್ಗೆ ಮಾತ್ರ ಇದು ಏನೂ ಹೇಳುವುದಿಲ್ಲ.

ಪುರಾವೆ ಹುಟ್ಟುವುದು ಹೋಲಿಸಿದಾಗ. ಬೋರ್‌ವೆಲ್ ಹತ್ತಿರದ ಸುರಂಗಗಳನ್ನೂ ದೂರದವನ್ನೂ ಒಂದೇ ವಾರದಲ್ಲಿ ಅಳೆಯಿರಿ. ಮುಂದಿನ ವರ್ಷ ಅದೇ ವಾರ ಮತ್ತೆ ಹೋಗಿ. ದೂರದವೂ ಅಷ್ಟೇ ಇಳಿದಿದ್ದರೆ? ಮಳೆ ಕಡಿಮೆ ಬಂದಿರಬಹುದು, ಗುಡ್ಡದಲ್ಲಿ ಕಲ್ಲಿನ ಕೋರೆ ಆಗಿರಬಹುದು, ಒಳಗೆ ಮಣ್ಣು ಕುಸಿದಿರಬಹುದು. (ನೋಡಲಿಕ್ಕೆ ಅಂತ ಒಳಗೆ ನುಗ್ಗಬೇಡಿ.) ಇಂಥ ಬೇರೆ ಕಾರಣಗಳನ್ನು ನೀವೇ ಹುಡುಕಬೇಕು, ವೈವಾದಲ್ಲಿ ಕೇಳುವ ತನಕ ಕಾಯಬಾರದು.

ಇನ್ನೊಂದು ಕಳ್ಳ ಲೆಕ್ಕ ಇದೆ. ಜನ ನಿಮಗೆ ತೋರಿಸುವುದು ನೀರಿರುವ ಸುರಂಗವನ್ನು. ಬತ್ತಿದ್ದು ಕಾಡು ಬೆಳೆದು ಮುಚ್ಚಿಹೋಗಿರುತ್ತದೆ. ಅದನ್ನೂ ಕೇಳಿ ಹುಡುಕಿ ಪಟ್ಟಿಗೆ ಸೇರಿಸಿ, ನೀರು ಸೊನ್ನೆ ಎಂದು ಬರೆಯಿರಿ.

"ಮೊದಲು ವರ್ಷವಿಡೀ ನೀರಿತ್ತು ಮಗಾ" ಎಂಬ ಅಜ್ಜನ ಮಾತೂ ಡೇಟಾವೇ. ಸುಮ್ನೆ ಬಿಡಬೇಡಿ. ಮೊದಲು ಅಂದರೆ ಯಾವಾಗ? ಮಗಳ ಮದುವೆಗೆ ಮೊದಲೋ ಆಮೇಲೋ? ಆಗ ತೋಟ ಎಷ್ಟಿತ್ತು? ಪಕ್ಕದ ಮನೆಯವರಲ್ಲಿ ಬೇರೆಯಾಗಿ ಕೇಳಿ, ಅಜ್ಜನ ಎದುರು ಬೇಡ.

ಕೊನೆಗೆ ಆ ಸಾಲನ್ನು ಹೀಗೆ ತಿದ್ದಿ: "ನಾವು ಎರಡು ವರ್ಷ ಮಾರ್ಚ್‌ನಲ್ಲಿ ಅಳೆದ ಸುರಂಗಗಳ ಪೈಕಿ, ಬೋರ್‌ವೆಲ್ ಹತ್ತಿರದವುಗಳಲ್ಲಿ ನೀರು ಹೆಚ್ಚು ಇಳಿದಿತ್ತು." ನಿಮ್ಮ ಅಳತೆ ಹಾಗೆ ಹೇಳಿದ್ದರೆ ಮಾತ್ರ.